ರೂಮಿನೊಳಗಿನ ಭಟ್ಟಿ
(ನಮ್ಮ ಸಂಘದ ಸುರಕ್ಷತಾ ಸಭೆಯಲ್ಲಿ ಆಡಿದ ಮಾತುಗಳು)

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಐ.ಟಿ.ಐ. ಮುಗಿಸಿದ ಎಲೆಕ್ಟ್ರಿಷಿಯನ್ ನಾನು. ಕುಡಿಯೋದು ಸರಿಯೋ ತಪ್ಪೋ ಅಂತ ಹೇಳೋಕೂ ನಿಂತಿಲ್ಲ. ಹನ್ನೆರಡು ಗಂಟೆ ಬಿಸಿಲಲ್ಲಿ ದುಡಿದು ಬಂದವನ ಮನಸ್ಸು ಏನು ಕೇಳುತ್ತೆ ಅಂತ ನನಗೂ ಗೊತ್ತು. ನಾನು ಹೇಳೋದು ರೂಮಿನಲ್ಲಿ ಭಟ್ಟಿ ಇಳಿಸುವ ಬಗ್ಗೆ ಮಾತ್ರ.

ಆಗಸ್ಟ್ 2025 ನೆನಪಿದೆಯಲ್ಲ? ಇದೇ ಕುವೈತಿನಲ್ಲಿ ಕಳ್ಳಭಟ್ಟಿ ಕುಡಿದು 160 ಜನ ವಿಷಕ್ಕೆ ಸಿಕ್ಕರು, 23 ಜನ ತೀರಿಕೊಂಡರು ಅಂತ ಆರೋಗ್ಯ ಸಚಿವಾಲಯವೇ ಹೇಳಿತು. ಎಷ್ಟೋ ಜನರ ಕಣ್ಣು ಹೋಯಿತು. ಬಹುಪಾಲು ಏಷ್ಯಾದವರು, ಅಂದರೆ ನಮ್ಮಂಥವರು. ನಮ್ಮ ನಾಡಿಗೂ ಇದು ಹೊಸದಲ್ಲ. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಪಕ್ಕದ ಕೃಷ್ಣಗಿರಿ ಕಡೆ ಕಳ್ಳಭಟ್ಟಿಗೆ 150ಕ್ಕೂ ಹೆಚ್ಚು ಜನ ಸತ್ತರು.

ಇದಕ್ಕೆ ಕೆಲವರು ಒಂದು ಉತ್ತರ ಕೊಡ್ತಾರೆ: "ಹೊರಗಿಂದ ತಂದ್ರೆ ತಾನೇ ವಿಷ? ನಾವೇ ಮಾಡ್ಕೊಂಡ್ರೆ?"

ನನ್ನ ಹಳೇ ರೂಮಿನಲ್ಲಿ ಒಬ್ಬ ಅಣ್ಣ ಇದ್ದರು. ದ್ರಾಕ್ಷಿ ರಸಕ್ಕೆ ಸಕ್ಕರೆ, ಈಸ್ಟ್ ಹಾಕಿ ಹುಳಿ ಬರಿಸ್ತಿದ್ರು. ಎರಡು ಮೂರು ಸಲ ಚೆನ್ನಾಗಿ ಬಂತು, ಧೈರ್ಯ ಬಂತು. "ತಮ್ಮಾ, ಇದನ್ನೇ ಕಾಯಿಸಿ ಇಳಿಸಿದ್ರೆ ಆಯ್ತಲ್ವಾ? ಒಂದು ಹೀಟರ್ ಕೂರಿಸಿ ಕೊಡು" ಅಂದ್ರು. ನಾನು ಒಪ್ಪಲಿಲ್ಲ. ಅವರು ಕುಕ್ಕರಿಗೆ ಪೈಪ್ ಹಾಕಿ ತಾವೇ ಶುರು ಮಾಡಿದ್ರು. ನೊರೆ ಏರಿ ಪೈಪ್ ಕಟ್ಟಿಕೊಂಡಿತು, ಮುಚ್ಚಳ ಎಗರಿತು. ಮುಖ, ಎರಡೂ ಕೈ ಸುಟ್ಟವು. ಮೊದಲನೇ ಪ್ರಯತ್ನವೇ ಕೊನೆಯದಾಯ್ತು. ಜೀವ ಉಳಿದಿದ್ದು ಪುಣ್ಯ.

ಆ ಅಣ್ಣ ದಡ್ಡರಲ್ಲ, ಕೈಕೆಲಸ ಬಲ್ಲವರೇ. ಆದರೆ ಹುಳಿ ಬರಿಸೋದೇ ಬೇರೆ, ಭಟ್ಟಿ ಇಳಿಸೋದೇ ಬೇರೆ. ಹುಳಿ ಬರುವಾಗ ಈಸ್ಟ್ ತಾನೇ ಕೆಲಸ ಮಾಡುತ್ತೆ. ಮದ್ಯಸಾರ ಶೇಕಡ 12-15 ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ತಾನೇ ನಿಲ್ಲುತ್ತೆ. ಕೆಟ್ಟರೆ ಚೆಲ್ಲಬಹುದು. ಭಟ್ಟಿಯಲ್ಲಿ ಬೆಂಕಿ, ಒತ್ತಡ, ಆವಿ ಮೂರೂ ಸೇರುತ್ತವೆ. ಅಲ್ಲಿ ಕೆಟ್ಟರೆ ಚೆಲ್ಲೋಕೆ ಸಮಯ ಸಿಗಲ್ಲ.

ನನ್ನ ಕೆಲಸದ ಲೆಕ್ಕ ಹೇಳ್ತೀನಿ. ಮದ್ಯಸಾರ ಕುದಿಯೋದು ಸುಮಾರು 78 ಡಿಗ್ರಿಯಲ್ಲಿ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತೆ. ಗಾಳಿಯಲ್ಲಿ ಶೇಕಡ 3ರಿಂದ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಕಿಡಿ ಎಲ್ಲಿಂದ ಅಂತೀರಾ? ಲೈಟಿನ ಸ್ವಿಚ್ ಒತ್ತಿದರೆ ಕಿಡಿ, ಫ್ರಿಜ್ಜಿನ ಥರ್ಮೋಸ್ಟಾಟ್ ಬಿಟ್ಟು ಹಿಡಿದರೆ ಕಿಡಿ. ಕಣ್ಣಿಗೆ ಕಾಣಲ್ಲ, ಆದರೆ ಇರುತ್ತೆ. ವಾಸನೆ ಹೊರಗೆ ಹೋಗಬಾರದು ಅಂತ ಕಿಟಕಿ ಮುಚ್ಚಿರ್ತೀರಿ. ಎಂಟು ಜನ ಮಲಗುವ ರೂಮು, ಬಾಗಿಲು ಒಂದೇ. ಇನ್ನು 2000 ವಾಟಿನ ಹೀಟರ್ 240 ವೋಲ್ಟಿನಲ್ಲಿ 8 ಆಂಪಿಯರಿಗೂ ಮೇಲೆ ಎಳೆಯುತ್ತೆ. ಅದನ್ನು ಅಗ್ಗದ ಎಕ್ಸ್‌ಟೆನ್ಷನ್ನಿಗೆ ಹಾಕಿ ಗಂಟೆಗಟ್ಟಲೆ ಬಿಟ್ಟರೆ ವೈರು ಕರಗೋಕೆ ಇನ್ನೇನು ಬೇಕು?

ಪೈಪಿನ ವಿಷಯವೂ ಇದೆ. ಅಮೆರಿಕದಲ್ಲಿ ಹಳೇ ಕಾರಿನ ರೇಡಿಯೇಟರಿನಲ್ಲಿ ಆವಿ ತಣಿಸಿದ ಕಳ್ಳಸಾರಾಯಿ ಕುಡಿದು, ಬೆಸುಗೆಯ ಸೀಸ ಮೈಗೆ ಸೇರಿ ಎಷ್ಟೋ ಜನ ಹಾಳಾಗಿದ್ದಾರೆ. ಗುಜರಿಯಿಂದ ತಂದ ಲೋಹಕ್ಕೆ ಏನು ಮೆತ್ತಿದೆ ಅಂತ ಹೇಗೆ ಗೊತ್ತಾಗಬೇಕು?

ಈಗ ಮೆಥನಾಲ್ ಮಾತು. ಬರೀ ಸಕ್ಕರೆ ಹುಳಿ ಬಂದರೆ ಅದು ಹುಟ್ಟೋದು ತೀರ ಕಡಿಮೆ. ಹಣ್ಣಿನಿಂದ ಸ್ವಲ್ಪ ಬರುತ್ತೆ. ಜನರನ್ನು ಸಾಲುಸಾಲಾಗಿ ಕೊಲ್ಲೋದು ಹೆಚ್ಚಾಗಿ ಕಾರ್ಖಾನೆಯ ಮೆಥನಾಲ್, ಯಾರೋ ಲಾಭಕ್ಕೆ ಬೆರೆಸಿದ್ದು. ಹಾಗಾಗಿ "ಸ್ವಲ್ಪ ಸ್ಪಿರಿಟ್ ಸೇರಿಸಿದ್ರೆ ಖಡಕ್ ಆಗುತ್ತೆ" ಅನ್ನೋ ಮಾತು ಎಲ್ಲಿ ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ಸುಮಾರು 10 ಎಂ.ಎಲ್. ಮೆಥನಾಲ್ ಕಣ್ಣು ಕಳೆಯಬಹುದು, 30 ಎಂ.ಎಲ್. ಜೀವ ತೆಗೆಯಬಹುದು. "ಮೊದಲ ಲೋಟ ಚೆಲ್ಲಿದ್ರೆ ವಿಷ ಹೋಯ್ತು" ಅಂತಾರೆ. ಹೋಗಲ್ಲ, ಕೊನೇವರೆಗೂ ಬೆರೆತು ಇಳಿಯುತ್ತೆ. "ನೀಲಿಯಾಗಿ ಉರಿದ್ರೆ ಒಳ್ಳೇದು" ಅಂತಾರೆ. ಮೆಥನಾಲೂ ನೀಲಿಯಾಗೇ ಉರಿಯುತ್ತೆ. ಮೂಗು, ನಾಲಗೆ, ಬೆಂಕಿ ಯಾವುದೂ ಇದಕ್ಕೆ ಟೆಸ್ಟರ್ ಅಲ್ಲ. ಲೈವ್ ವೈರನ್ನು ಬೆರಳಿಟ್ಟು ನೋಡ್ತೀವಾ? ಇದೂ ಹಾಗೇ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ವಿಷ ಕುಡಿದ ಕೂಡಲೇ ಗೊತ್ತಾಗಲ್ಲ. ಸಾಮಾನ್ಯವಾಗಿ 12ರಿಂದ 24 ಗಂಟೆ ಆದಮೇಲೆ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ, ಕಣ್ಣಮುಂದೆ ಬಿಳಿ ಮಂಜು. ನೋಡಿದವರು "ನಿಶೆ ಇಳೀತಿದೆ, ಮಲಗಲಿ ಬಿಡು" ಅಂತಾರೆ. ಮಲಗಿಸಬೇಡಿ. ಮಜ್ಜಿಗೆ, ನಿಂಬೆಹಣ್ಣಿನಿಂದ ಇದು ಇಳಿಯಲ್ಲ. ಆಸ್ಪತ್ರೆಯಲ್ಲಿ ಇದಕ್ಕೆ ಮದ್ದಿದೆ, ಡಯಾಲಿಸಿಸ್ ಇದೆ. ಎಷ್ಟು ಬೇಗ ಹೋದರೆ ಅಷ್ಟು ಕಣ್ಣು, ಅಷ್ಟು ಜೀವ ಉಳಿಯುತ್ತೆ.

"ಪೊಲೀಸ್ ಬರ್ತಾರೆ, ಊರಿಗೆ ಕಳಿಸ್ತಾರೆ" ಅನ್ನೋ ಭಯ ಸುಳ್ಳಲ್ಲ. ಇಲ್ಲಿನ ಕಾನೂನು ಗಟ್ಟಿ. ಆದರೆ ಊರಿಗೆ ಬರಿಗೈಲಿ ಹೋದ ಮಗನನ್ನು ತಾಯಿ ಊಟಕ್ಕೆ ಕೂರಿಸ್ತಾಳೆ. ಪೆಟ್ಟಿಗೆಯಲ್ಲಿ ಹೋದವನಿಗೆ ಏನು ಮಾಡ್ತಾಳೆ? 112ಕ್ಕೆ ಫೋನ್ ಮಾಡಿ. ಏನು ಕುಡಿದದ್ದು, ಎಷ್ಟು ಹೊತ್ತಿಗೆ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಜೊತೆಗೆ ಕುಡಿದವರು ಯಾರ್ಯಾರು ಅಂತಲೂ ಹೇಳಿ, ಅವರನ್ನೂ ಕರ್ಕೊಂಡು ಹೋಗಿ, ಚೆನ್ನಾಗಿದ್ದೀನಿ ಅಂದರೂ ಸರಿ. ಒಬ್ಬರೇ ಹೋಗೋಕೆ ಹೆದರಿಕೆಯಾದರೆ ನಮ್ಮ ಸಂಘದವರಿಗೆ ಯಾವ ಹೊತ್ತಿಗಾದರೂ ಫೋನ್ ಮಾಡಿ. ನಾನಂತೂ ಬರ್ತೀನಿ.