ಎಲುಬಿನ ಗಂಟೂ ವಂಶವಾಹಿಯೂ



ಬೆಳೆಯುವ ಮಗುವಿನ ಮೊಣಕಾಲ ಬಳಿ ಗಟ್ಟಿಯಾದ ಗಂಟು ಕಂಡೊಡನೆ ಶಾಪವೆಂದು ಹೆದರುವವರುಂಟು. ತಾಯಿಯನ್ನು ದೂರುವವರೂ ಉಂಟು. ಎರಡೂ ಸಲ್ಲದೆಂದು ನಾವು ವಿನಯದಿಂದ ಹೇಳಬಯಸುತ್ತೇವೆ.

ಎಲುಬು ಉದ್ದವಾಗುವುದು ಅದರ ತುದಿಯ ಸಮೀಪದ ಮೃದ್ವಸ್ಥಿಯ ಪದರದಿಂದ. ಅಲ್ಲಿಯ ಬೆಳವಣಿಗೆ ದಾರಿತಪ್ಪಿ ಪಕ್ಕಕ್ಕೆ ಚಾಚಿದರೆ ಇಂತಹ ನಿರಪಾಯವಾದ ಗಂಟು ಏಳುತ್ತದೆ. ಒಂಟಿ ಗಂಟು ಸಾಮಾನ್ಯವಾಗಿ ವಂಶಾನುಗತವಲ್ಲ. ಹಲವು ಎಲುಬುಗಳಲ್ಲಿ ಗಂಟುಗಳಿದ್ದರೆ, 8ನೆಯ ವರ್ಣತಂತುವಿನ ಇಎಕ್ಸ್‌ಟಿ1 ಅಥವಾ 11ನೆಯದರ ಇಎಕ್ಸ್‌ಟಿ2 ಎಂಬ ವಂಶವಾಹಿಯ ದೋಷವೇ ಬಹುಮಟ್ಟಿಗೆ ಕಾರಣ. ಅದು ತಂದೆಯಿಂದಲೂ ಬಂದೀತು, ತಾಯಿಯಿಂದಲೂ ಬಂದೀತು. ಪ್ರತಿಯೊಂದು ಮಗುವಿಗೂ ಬರುವ ಸಂಭವ ನೂರಕ್ಕೆ 50. ಇಬ್ಬರಲ್ಲಿಯೂ ಇಲ್ಲದೆ ಮಗುವಿನಲ್ಲಿ ಹೊಸದಾಗಿಯೂ ತಲೆದೋರಬಹುದು. ಎಲುಬಿನೊಳಗೆ ಮೃದ್ವಸ್ಥಿಯ ಗಡ್ಡೆಗಳು ಬೆಳೆಯುವ ಒಲಿಯೇ ರೋಗದ ಬಗೆ ಬೇರೆ. 2011ರಲ್ಲಿ ತಿಳಿದುಬಂದಂತೆ, ಅದರಲ್ಲಿ ಐಡಿಎಚ್ ವಂಶವಾಹಿಗಳ ಮಾರ್ಪಾಟು ಶರೀರದ ಕೆಲವು ಜೀವಕೋಶಗಳಲ್ಲಿ ಮಾತ್ರ ಇರುತ್ತದೆ, ತಾಯಿತಂದೆಗಳಿಂದ ಬಂದುದಲ್ಲ.

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕೀಲುಬೇನೆ ಗಡ್ಡೆಯಲ್ಲ; ಆದರೆ ಅದೂ ವಂಶಾನುಗತವೇ. ಅಲ್ಲಿಯೂ ದಾರಿ ತೋರಿದುದು ಮನೆತನಗಳ ವಂಶಾವಳಿ.

ಆದುದರಿಂದ ಗಂಟು ಕಂಡರೆ ಬರೆ ಹಾಕಿಸಬೇಡಿರಿ. ವೈದ್ಯರಿಗೆ ತೋರಿಸಿ ಎಕ್ಸ್‌ರೇ ತೆಗೆಸಿರಿ. ಸಾಮಾನ್ಯವಾಗಿ ಮೈಬೆಳವಣಿಗೆ ನಿಂತಾಗ ಗಂಟೂ ನಿಲ್ಲುತ್ತದೆ. ಅನಂತರವೂ ದೊಡ್ಡದಾದರೆ, ನೋವು ಹೆಚ್ಚಿದರೆ, ಕೈಕಾಲು ಡೊಂಕಾದರೆ, ಆದವಾನಿ ಆಲೂರು ಸೀಮೆಯವರು ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋಗಲು ತಡಮಾಡಬಾರದು. ಅಪೂರ್ವವಾಗಿ ಅದು ಕ್ಯಾನ್ಸರಿಗೆ ತಿರುಗುವುದುಂಟು.

ವಿದ್ಯಾರ್ಥಿಗಳೇ, ಗಂಟು ಅಂಟುರೋಗವಲ್ಲ. ಸಹಪಾಠಿಯನ್ನು ಕಂಡು ನಗದಿರಿ. ಆತನನ್ನೂ ಆಟಕ್ಕೆ ಕರೆಯಿರಿ.