ಒಂದೇ ಪದ, ಎರಡು ಆಲ್ಬಮ್



ಸ್ನೇಹಿತರು ತಲಾ ಒಂದು ಆಲ್ಬಮ್ ತಂದು, ಕೇಳಿಸಿ, ವಾದ ಮಾಡುವಾಗ ನೀವು ಕನ್ನಡದ್ದನ್ನು ಒಯ್ಯುತ್ತೀರಾ? 'ನನಗೇ ಪೂರ್ತಿ ಅರ್ಥವಾಗಲ್ಲ, ಏನು ಹೇಳಲಿ?' ಎಂದು ಹಿಂಜರಿಯುತ್ತೀರಾ?

ಹಾಗಾದರೆ ಶಿಶುನಾಳ ಶರೀಫರ 'ಸೋರುತಿಹುದು ಮನೆಯ ಮಾಳಿಗಿ' ಒಯ್ಯಿರಿ. ಮೊದಲು ಸಿ. ಅಶ್ವತ್ಥ್ ಹಾಡಿದ್ದು, ಆಮೇಲೆ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್‌ನಲ್ಲಿರುವುದು. ಅಲ್ಲಿ ಎದೆ ಬಿರಿಯುವಂಥ ಕಂಠ, ಇಲ್ಲಿ ಗಿಟಾರು, ಡ್ರಮ್ಸು. ಸೋರುವ ಮನೆ ಯಾವುದರಲ್ಲಿ ಕಣ್ಣಿಗೆ ಕಟ್ಟುತ್ತದೆ? ವಾದ ಅಲ್ಲಿಂದಲೇ ಶುರುವಾಗಲಿ.

ಮಾಳಿಗಿ ಅಂದರೇನು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಕರ್ನಾಟಕದ ಮನೆಗಳ ಮಣ್ಣಿನ ಚಾವಣಿ ಅದು. ವರ್ಷವರ್ಷ ನೋಡಿಕೊಳ್ಳದಿದ್ದರೆ ಮಳೆಗೆ ಸೋರುತ್ತದೆ. ಶರೀಫರು ಹೇಳಿದ್ದು ಮನಸ್ಸೆಂಬ ಮನೆಯ ಮಾತು.

ಅಪ್ಪ, ಅಮ್ಮ 'ಅಶ್ವತ್ಥ್ ಮುಂದೆ ಇನ್ಯಾರು?' ಅನ್ನಬಹುದು. ಒಪ್ಪಲೇಬೇಕೆಂದಿಲ್ಲ, ಆದರೆ ಕಾರಣ ಕೊಡಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ರೆಕಾರ್ಡಿಂಗ್ ಬರುವ ಮುಂಚೆ ಆ ಪದಗಳು ಉಳಿದದ್ದು ಹಾಡುವವರ ಬಾಯಲ್ಲಿ. ಒಬ್ಬೊಬ್ಬರೂ ತಮ್ಮ ದನಿ ಸೇರಿಸಿದರು.

ವರ್ಷಕ್ಕೊಮ್ಮೆ ರಾಜ್ಯೋತ್ಸವದಲ್ಲಿ ಕೇಳಿ ಚಪ್ಪಾಳೆ ತಟ್ಟಿದರೆ ಹಾಡು ವೇದಿಕೆಯಲ್ಲೇ ಉಳಿಯುತ್ತದೆ. ಅದರ ಮೇಲೆ ಜಗಳವಾಡಿ ನೋಡಿ, ನಿಮ್ಮದಾಗುತ್ತದೆ. ಈ ವಾರ ಯಾವ ಆಲ್ಬಮ್ ಒಯ್ಯುತ್ತೀರಿ?