ಶುಕ್ರವಾರದ ಮೀನು

ಯೇಸುಕ್ರಿಸ್ತನು ಶಿಲುಬೆಗೇರಿದ ದಿನವೆಂದು ಶುಕ್ರವಾರ ಮಾಂಸವನ್ನು ವರ್ಜಿಸಿ ಮೀನನ್ನು ಸೇವಿಸುವ ಕ್ಯಾಥೊಲಿಕ್ ರೂಢಿಯು ಇಂಗ್ಲೆಂಡಿನಲ್ಲಿ ಪ್ರಾಟೆಸ್ಟೆಂಟ್ ಸುಧಾರಣೆಯ ನಂತರವೂ ಅಳಿಯಲಿಲ್ಲ. 1563ರಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಸರ್ಕಾರವು, ನೌಕಾಪಡೆಗೆ ನಾವಿಕರನ್ನು ಒದಗಿಸುತ್ತಿದ್ದ ಮೀನುಗಾರಿಕೆಯನ್ನು ಉಳಿಸಲೆಂದೇ ಬುಧವಾರವನ್ನೂ ಮೀನಿನ ದಿನವಾಗಿ ಸೇರಿಸಿತು, ಅಂದರೆ ಅಲ್ಲಿ ವ್ರತಕ್ಕಿಂತ ಹಡಗೇ ದೊಡ್ಡದಾಗಿತ್ತೆನ್ನಬೇಕು. ಹಿಟ್ಟಿನಲ್ಲಿ ಅದ್ದಿ ಕರಿದ ಕಾಡ್ ಅಥವಾ ಹ್ಯಾಡಕ್ ಮೀನು, ದಪ್ಪನಾಗಿ ಹೆಚ್ಚಿ ಕರಿದ ಆಲೂಗಡ್ಡೆಯಾದ ಚಿಪ್ಸ್‌ನೊಡನೆ ಕೂಡಿದ್ದು ಮಾತ್ರ 1860ರ ದಶಕದ ಸುಮಾರಿಗೆ. ಸಮುದ್ರತಳದಲ್ಲಿ ಬಲೆಯೆಳೆಯುವ ಟ್ರಾಲರ್ ಹಡಗುಗಳು ಗ್ರಿಮ್ಸ್‌ಬಿ, ಹಲ್ ಬಂದರುಗಳಿಗೆ ತಂದ ಮೀನನ್ನು ರೈಲುಗಳು ಮಂಜುಗಡ್ಡೆಯೊಡನೆ ಲ್ಯಾಂಕಾಷೈರಿನ ಹತ್ತಿಗಿರಣಿಗಳ ಪಟ್ಟಣಗಳಿಗೆ ಮುಟ್ಟಿಸಿದಾಗ, ದುಡಿದು ದಣಿದ ಕುಟುಂಬಗಳಿಗೆ, ಅಲ್ಲಿ ನೆಲೆಸಿದ್ದ ಐರಿಷ್ ಕ್ಯಾಥೊಲಿಕರಿಗಂತೂ, ಇದು ಶುಕ್ರವಾರದ ಊಟವಾಯಿತು. ಎರಡನೆಯ ಮಹಾಯುದ್ಧದಲ್ಲಿಯೂ ಪಡಿತರಕ್ಕೆ ಒಳಪಡದ ಈ ತಿನಿಸನ್ನು ಇಂದು ಚರ್ಚಿಗೆ ಹೋಗದವರೂ ಶುಕ್ರವಾರ ಸಂಜೆ ವಿನೆಗರ್ ಚಿಮುಕಿಸಿಕೊಂಡು ಸವಿಯುತ್ತಾರೆ.